ಇಳಿಯೋ ಟೈಮ್ ಎಷ್ಟು?

ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮಗೆ ಗುಡ್ಡ ಹತ್ತೋದು ಅಂದ್ರೆ ಭಾನುವಾರದ ಕೆಲಸ. ಬೆಳಿಗ್ಗೆ ಬೈಕ್ ತಗೊಂಡು ಪನ್ಹಾಳಕ್ಕೆ ಹೋದರೆ ಸಂಜೆ ಊಟಕ್ಕೆ ಮನೆ. ಹತ್ತುವಾಗ ಏದುಸಿರು, ಇಳಿಯುವಾಗ ಹರಟೆ. ಈ ಧೈರ್ಯದ ಮೇಲೇ ಈಗ ಬಹಳ ಜನ ಹಿಮಾಲಯದ ಟ್ರೆಕ್ ಬುಕ್ ಮಾಡ್ತಿದ್ದಾರೆ. ಆದರೆ ಹಿಮದ ಬೆಟ್ಟದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ನಿಜವಾದ ಪರೀಕ್ಷೆ ಇಳಿಯುವಾಗ.

2024ರ ಜೂನ್ ಮೊದಲ ವಾರ ನೆನಪಿದೆಯಾ? ಕರ್ನಾಟಕದಿಂದ ಹೋದವರೇ ಹೆಚ್ಚಿದ್ದ 22 ಜನರ ತಂಡ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿತ್ತು. 14 ಸಾವಿರ ಅಡಿ ದಾಟಿದ ಎತ್ತರ. ಸರೋವರ ನೋಡಿ ಕ್ಯಾಂಪಿಗೆ ವಾಪಸ್ ಬರುವಾಗ ಹಿಮಗಾಳಿ ಹಿಡಿಯಿತು. 9 ಜನ ತೀರಿಕೊಂಡರು, 13 ಜನ ಉಳಿದರು. ಅವರು ಹೋದ ಜಾಗ ಮುಟ್ಟಿದ್ದರು. ದಾರಿ ಉಳಿದದ್ದು ವಾಪಸ್ ಬರೋದು ಮಾತ್ರ.

ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತೆ. ಎತ್ತರದ ಲೆಕ್ಕ ಒಂದನ್ನೇ ಹಿಡಿದರೂ ಅಲ್ಲಿ ಚಿಕ್ಕೋಡಿಗಿಂತ 23–24 ಡಿಗ್ರಿ ಕಡಿಮೆ. ಬಟ್ಟೆ ಒದ್ದೆಯಾಗಿ, ಜೊತೆಗೆ ಗಾಳಿ ಬೀಸಿದರೆ ಮೈಯ ಕಾವು ಬೇಗ ಹೋಗುತ್ತೆ. ಮೊದಲು ನಡುಕ, ಆಮೇಲೆ ಮಾತು ತೊದಲುತ್ತೆ, ಬುದ್ಧಿ ಮಂಕಾಗುತ್ತೆ.

ಹಿಮನದಿ ದಾಟಬೇಕಾದ ದಾರಿಯಾದರೆ ಇನ್ನೊಂದು ಅಪಾಯ. ಹಿಮನದಿ ಅಂದ್ರೆ ನಿಧಾನವಾಗಿ ಹರಿಯೋ ಮಂಜುಗಡ್ಡೆ. ಹರಿಯುತ್ತಾ ಬಿರುಕು ಬಿಡುತ್ತೆ, ಹೊಸ ಹಿಮ ಆ ಬಿರುಕಿನ ಬಾಯಿ ಮುಚ್ಚುತ್ತೆ. ಬೆಳಗಿನ ಜಾವ ಗಟ್ಟಿಯಾಗಿದ್ದ ಈ ಮುಚ್ಚಳ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗುತ್ತೆ. ಹತ್ತುವಾಗ ದಾಟಿದ ಜಾಗವೇ ಇಳಿಯುವಾಗ ಕುಸಿಯಬಹುದು. ಅಷ್ಟೊತ್ತಿಗೆ ಕಾಲೂ ಸೋತಿರುತ್ತೆ. ಅದಕ್ಕೇ ಇಂಥ ಕಡೆ ನಡುರಾತ್ರಿ ಹೊರಡೋದು, ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯೋದು.

ಹಾಗಾಗಿ ದುಡ್ಡು ಕಟ್ಟೋ ಮೊದಲು ನಾಲ್ಕು ಪ್ರಶ್ನೆ ಕೇಳಿ. ಶಿಖರ ಸಿಗಲಿ ಬಿಡಲಿ, ಎಷ್ಟು ಗಂಟೆಗೆ ವಾಪಸ್ ತಿರುಗ್ತೀವಿ? ಆ ತೀರ್ಮಾನ ಯಾರದ್ದು? ಕಾಲು ಜಾರಿದರೆ ಐಸ್ ಆ್ಯಕ್ಸ್ ಊರಿ ನಿಲ್ಲೋದನ್ನ ಮೊದಲೇ ಕಲಿಸ್ತೀರಾ? ಹವಾಮಾನ ಕೆಟ್ಟರೆ ಕಾಯೋಕೆ ಒಂದು ದಿನ ಹೆಚ್ಚಿಗೆ ಇದೆಯಾ?

ಕೊನೆಯದು ನಮ್ಮಂಥ ಆಫೀಸಿನವರಿಗೇ ಹೆಚ್ಚು ಬೇಕು. ರಜೆ ಮುಗೀತು, ಸೋಮವಾರ ಲಾಗಿನ್ ಆಗಬೇಕು, ಇಷ್ಟು ದೂರ ಬಂದಾಗಿದೆ ಅನ್ನೋ ಒತ್ತಡದಲ್ಲೇ ಮೋಡ ಕಂಡರೂ ಮುಂದೆ ಹೋಗ್ತೀವಿ.

ರಾಯಬಾಗ, ಅಥಣಿ, ಕಾಗವಾಡದ ಕೃಷ್ಣಾ ದಂಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟ್ ಪ್ರವಾಹ ಕಂಡವರು ಅವರು. ನೀರು ಹೊಸ್ತಿಲಿಗೆ ಬಂದ ಮೇಲೆ ದನ ಬಿಚ್ಚಿ ಹೊರಡೋಕಾಗಲ್ಲ, ನೀರು ದೂರ ಇದ್ದಾಗಲೇ ಏಳಬೇಕು. ಬೆಟ್ಟದಲ್ಲೂ ಹಾಗೇ. ವಾಪಸ್ ತಿರುಗೋ ಟೈಮನ್ನ ಕೆಳಗೆ ಕ್ಯಾಂಪಿನಲ್ಲೇ ಗೊತ್ತು ಮಾಡಿ, ತಂಡದ ಎಲ್ಲರಿಗೂ ಹೇಳಿ. ಮನೆಯವರಿಗೂ ಒಂದು ಮೆಸೇಜ್ ಹಾಕಿ.