ಸ್ಲೈಡರ್ ತೆಗೆಯಿರಿ, ಸುದ್ದಿ ಕಾಣಲಿ

ನಾನು ವರದಿ ಕಳಿಸುವ ಸುದ್ದಿ ವೆಬ್‌ಸೈಟಿನಲ್ಲಿ ಮೊನ್ನೆ ಕೆರೆ ಏರಿ ಬಿರುಕು ಬಿಟ್ಟ ಸುದ್ದಿ ಬಂತು. ಏರಿ ಕೆಳಗೇ ಗದ್ದೆಯಿರುವ ನಮ್ಮ ಚಿಕ್ಕಪ್ಪನಿಗೆ ಅದು ಕಾಣಲೇ ಇಲ್ಲ. ಮುಖಪುಟದ ಸ್ಲೈಡರಿನಲ್ಲಿ ಮೊದಲ ಮೂರು ಫೋಟೊ ಹುಟ್ಟುಹಬ್ಬದ ಶುಭಾಶಯ, ಕೆರೆ ನಾಲ್ಕನೆಯದು. ಅದು ತಿರುಗಿ ಬರುವಷ್ಟರಲ್ಲಿ ಅವರು ಫೋನ್ ಜೇಬಿಗಿಟ್ಟಿದ್ದರು.

‘ಸ್ಲೈಡರ್ ಇದ್ದರೇ ಸೈಟಿಗೆ ಕಳೆ’ ಎನ್ನುತ್ತಾರೆ. ಯಾರ ಕಣ್ಣಿಗೆ? ಆಫೀಸಿನ ಕಂಪ್ಯೂಟರ್ ಮುಂದೆ ಕೂತವರ ಕಣ್ಣಿಗೆ! 3 ಎಂಬಿಯ ಐದು ಫೋಟೊ ಹಾಗೇ ಹಾಕಿದರೆ 15 ಎಂಬಿ. ಆ ಡೇಟಾದ ದುಡ್ಡು ಓದುಗರದು. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದ ಸೈಟಿನ ಲೆಕ್ಕ 2013ರಲ್ಲೇ ಹೊರಬಂದಿದೆ: ಸ್ಲೈಡರ್ ಒತ್ತಿದವರು ನೂರಕ್ಕೆ ಸುಮಾರು ಒಬ್ಬರು, ಅವರಲ್ಲೂ ಹೆಚ್ಚಿನವರು ಒತ್ತಿದ್ದು ಮೊದಲ ಚಿತ್ರವನ್ನೇ.

ಸೈಟ್ ನಡೆಸುವ ಗೆಳೆಯರೇ, ವರ್ಡ್‌ಪ್ರೆಸ್‌ನ ಪ್ಲಗಿನ್ಸ್ ಪುಟಕ್ಕೆ ಹೋಗಿ ಸ್ಲೈಡರನ್ನು ಡೀಆಕ್ಟಿವೇಟ್ ಮಾಡಿ. ಮುಖಪುಟದಲ್ಲಿ ಚೌಕ ಕಂಸದೊಳಗೆ ಏನೋ ಅಕ್ಷರ ಉಳಿದರೆ ಹೆದರಬೇಡಿ, ಅದು ಹಳೆಯ ಶಾರ್ಟ್‌ಕೋಡ್, ಅಳಿಸಿಬಿಡಿ. ಅಲ್ಲಿ 100 ಕೆಬಿಯೊಳಗಿನ ಒಂದೇ ಫೋಟೊ, ಕೆಳಗೆ ಇವತ್ತಿನ ತಲೆಬರಹಗಳು ಸಾಕು. ಮೆನುವಿನಲ್ಲಿ ಊರ ಸುದ್ದಿ, ಮಳೆ, ಮಾರುಕಟ್ಟೆ ದರ ಮೊದಲಿರಲಿ.

ಆಮೇಲೆ ಅದನ್ನು ನಿಮ್ಮ ಕಂಪ್ಯೂಟರಿನಲ್ಲಿ ನೋಡಬೇಡಿ. ಗದ್ದೆ ಬದುವಿನ ಮೇಲೆ ನಿಂತು, ಫೋನಿನಲ್ಲಿ ತೆರೆದು ನೋಡಿ.