ಮಕ್ಕಳು ಹೊಂದಿಕೊಳ್ತಾರೆ ಬಿಡಿ!

ದೇಶ ಬಿಟ್ಟು ಹೊರಟ ಯಾವ ಮನೆಯಲ್ಲೂ ಈ ಮಾತು ಒಮ್ಮೆಯಾದರೂ ಬರುತ್ತೆ: "ಮಕ್ಕಳದ್ದೇನು, ಬೇಗ ಹೊಂದಿಕೊಳ್ತಾರೆ ಬಿಡಿ". ಹೊಂದಿಕೊಳ್ತಾರೆ, ನಿಜ. ಆದರೆ ಯಾರ ಬಲದ ಮೇಲೆ?

ಆಟದ ಬಯಲಿನ ಇಂಗ್ಲಿಷು ಸುಮಾರು ಎರಡು ವರ್ಷದಲ್ಲಿ ಬಂದುಬಿಡುತ್ತೆ. ಪಾಠದ ಇಂಗ್ಲಿಷಿನಲ್ಲಿ ಸಹಪಾಠಿಗಳಿಗೆ ಸರಿಸಮ ಆಗೋಕೆ ಐದು ವರ್ಷವೋ, ಅದಕ್ಕೂ ಹೆಚ್ಚೋ ಬೇಕು. ಕೆನಡಾದ ಜಿಮ್ ಕಮ್ಮಿನ್ಸ್ ಇದನ್ನ ಬಹಳ ಹಿಂದೆಯೇ ತೋರಿಸಿದ್ದಾರೆ. ಆದರೂ ಪಟಪಟ ಮಾತಾಡೋ ಹುಡುಗ ವಿಜ್ಞಾನದಲ್ಲಿ ಸೋತರೆ 'ಓದೋ ಮನಸ್ಸಿಲ್ಲ' ಅಂದುಬಿಡ್ತೀವಿ...

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳನ್ನ ಯಾವ ವಿಶೇಷ ನೆರವೂ ಇಲ್ಲದೆ ತರಗತಿಯಲ್ಲಿ ಕೂರಿಸಿದ್ದರು. ಹೆತ್ತವರು ಕೋರ್ಟಿಗೆ ಹೋದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ ಅಂತ 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಮಕ್ಕಳು ಗಟ್ಟಿ ಇದ್ದಾರೆ ಅಂತ ಶಾಲೆ ಕೈ ತೊಳೆದುಕೊಳ್ಳೋ ಹಾಗಿಲ್ಲ.

ಇನ್ನೊಂದು ಊರು ನ್ಯೂ ಆರ್ಲಿಯನ್ಸ್. 1975ರ ನಂತರ ವಿಯೆಟ್ನಾಮಿನ ನಿರಾಶ್ರಿತರು ಅಲ್ಲಿನ ಪೂರ್ವದ ಅಂಚಿನಲ್ಲಿ, ವರ್ಸೇಲ್ಸ್ ಅನ್ನೋ ಬಡಾವಣೆಯಲ್ಲಿ ನೆಲೆಸಿದರು. ಬಡತನ, ಹೆತ್ತವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಅಲ್ಲಿನ ಬಹಳಷ್ಟು ಮಕ್ಕಳು ಚೆನ್ನಾಗಿ ಓದಿದರು. ಮಿನ್ ಝೌ ಮತ್ತು ಕಾರ್ಲ್ ಬ್ಯಾಂಕ್‌ಸ್ಟನ್ 1998ರ ತಮ್ಮ ಪುಸ್ತಕದಲ್ಲಿ ಇದರ ಕಾರಣ ಹುಡುಕಿದ್ದಾರೆ. ವಿಯೆಟ್ನಾಮಿ ಓದಿ ಬರೆಯಬಲ್ಲ ಮಕ್ಕಳೇ ಇಂಗ್ಲಿಷ್ ಶಾಲೆಯಲ್ಲೂ ಮುಂದಿದ್ದರಂತೆ! ಭಾಷೆಯಲ್ಲಿ ಮಂತ್ರ ಏನಿಲ್ಲ. ಆ ಭಾಷೆ ಮಗುವನ್ನ ಮನೆಗೂ ಕೇರಿಗೂ ಕಟ್ಟಿಹಾಕಿತ್ತು, 'ಓದ್ತಿದೀಯೇನೋ?' ಅಂತ ಕೇಳೋಕೆ ಕೇರಿ ತುಂಬ ಜನ ಇದ್ದರು.

ವೀಸಾ ಹಿಡಿದು ಹೋದ ನಮ್ಮ ಇಂಜಿನಿಯರುಗಳ ಮಕ್ಕಳಿಗೂ ಯುದ್ಧದಿಂದ ಓಡಿಬಂದವರ ಮಕ್ಕಳಿಗೂ ಅಜಗಜಾಂತರ, ಗೊತ್ತು. ಒಂದೇ ತಕ್ಕಡಿಯಲ್ಲಿ ತೂಗೋದು ಬೇಡ. ಆದರೆ ಇಂಗ್ಲಿಷ್ ಕೆಟ್ಟೀತು ಅಂತ ಮನೆಯಲ್ಲಿ ಕನ್ನಡ ನಿಲ್ಲಿಸೋ ಅಪ್ಪ ಅಮ್ಮಂದಿರು ವರ್ಸೇಲ್ಸಿನ ಕಥೆ ಒಮ್ಮೆ ಓದಬೇಕು. ಅಜ್ಜಿ ಜೊತೆ ಫೋನಿನಲ್ಲಿ ಮಾತಾಡೋಕೆ ಬಾರದ ಮಗು ಒಂದು ಆಸರೆಯನ್ನೇ ಕಳಕೊಂಡ ಹಾಗೆ.

ಮಗುವಿನ ಗಟ್ಟಿತನ ಅಂದರೆ ಸುತ್ತಲಿನವರು ಕೊಟ್ಟ ಕೈಗಡ. ಕೊಡೋರೇ ಇಲ್ಲದಿದ್ದರೆ 'ಹೊಂದಿಕೊಳ್ತಾರೆ ಬಿಡಿ' ಅನ್ನೋದು ನಮ್ಮ ಸಮಾಧಾನಕ್ಕಷ್ಟೇ.

ಹೊರದೇಶದಲ್ಲಿ ಮಕ್ಕಳನ್ನ ಓದಿಸ್ತಿರೋರು ಏನಂತೀರಿ?