ಇಬ್ಬಿಬ್ಬರಾಗಿ ಓದೋಣ: ಕೆಜಿಎಫ್ ಮತ್ತು ಬಂಗಾರಪೇಟೆ ವಿದ್ಯಾರ್ಥಿಗಳ ಪ್ರಣಾಳಿಕೆ

ಮುಂಜಾನೆಯ ರೈಲು ಮಾರಿಕುಪ್ಪಂ ಬಿಟ್ಟು ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮಲ್ ನಗರ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ನಮ್ಮ ಮನೆಗಳ ದೊಡ್ಡವರು ಅದರಲ್ಲಿ ತುಂಬಿಕೊಂಡಿರುತ್ತಾರೆ. ಕಟ್ಟಡದ ಕೆಲಸ, ಗಾರ್ಮೆಂಟ್ಸ್, ಸೆಕ್ಯೂರಿಟಿ, ಆಫೀಸು ಗುಡಿಸಿ ಒರೆಸುವ ಕೆಲಸ, ಎಲ್ಲವೂ ಬೆಂಗಳೂರಿನಲ್ಲಿ. ಅವರು ಹೊರಟಾಗ ಮಕ್ಕಳು ಮಲಗಿರುತ್ತಾರೆ, ಬಂದಾಗಲೂ ಎಷ್ಟೋ ಸಲ ಮಲಗಿರುತ್ತಾರೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಈ ಊರು ಕಳೆದುಕೊಂಡಿದ್ದರ ಲೆಕ್ಕವನ್ನು ಬಹಳ ಜನ ಬರೆದಿದ್ದಾರೆ: ಸಂಬಳ, ಕ್ವಾರ್ಟರ್ಸ್, ಆಸ್ಪತ್ರೆ, ಗೌರವ. ಆ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ನಷ್ಟವಿದೆ. ಸಂಜೆ ಆರು ಗಂಟೆಗೆ ಮನೆಯಲ್ಲಿ ಕೂತು, ‘ಇವತ್ತು ಏನು ಓದಿದೆ?’ ಎಂದು ಕೇಳುವವರು ಇಲ್ಲವಾದರು.

ಆ ಪ್ರಶ್ನೆಯನ್ನು ನಾವೇ ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತೇವೆ. ಈ ಚಳವಳಿಯ ಮೂಲ ಇಷ್ಟೇ.

ನಾವು ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ, ಡಿಪ್ಲೊಮಾ, ಡಿಗ್ರಿ ಓದುತ್ತಿರುವವರು. ಓದು ಅರ್ಧಕ್ಕೆ ಬಿಟ್ಟು ಮತ್ತೆ ಪರೀಕ್ಷೆ ಕಟ್ಟಲು ಹೊರಟವರೂ ನಮ್ಮಲ್ಲಿದ್ದಾರೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಓದಿನ ಒಬ್ಬ ಜೊತೆಗಾರ ಅಥವಾ ಜೊತೆಗಾತಿ ಇರಬೇಕು ಎನ್ನುವುದು ನಮ್ಮ ಬೇಡಿಕೆ. ಸರ್ಕಾರದ ಮುಂದಿಡುವ ಮೊದಲು ಇದನ್ನು ನಮ್ಮ ಮುಂದೆಯೇ ಇಟ್ಟುಕೊಳ್ಳುತ್ತಿದ್ದೇವೆ.

ಜೊತೆಗಾರ ಎಂದರೆ ಟ್ಯೂಷನ್ ಮೇಷ್ಟ್ರಲ್ಲ. ನಮಗಿಂತ ಜಾಣನಾಗಿರಬೇಕು ಎಂದೇನೂ ಇಲ್ಲ, ಅದೇ ತರಗತಿಯವನೇ ಆಗಬೇಕು ಎಂದೂ ಇಲ್ಲ. ದಿನಕ್ಕೆ ಹತ್ತು ನಿಮಿಷ ಎದುರು ಕೂತು, ನಿನ್ನೆ ಹೇಳಿದ್ದನ್ನು ಮಾಡಿದೆಯಾ ಎಂದು ಕೇಳಿ, ಅದೇ ಪ್ರಶ್ನೆಗೆ ತಾನೂ ಉತ್ತರ ಕೊಡುವವನು. ಇಬ್ಬರಿಗೂ ಸೇರಿ ಒಂದು ನೋಟ್‌ಬುಕ್ ಸಾಕು. ಎಡ ಪುಟದಲ್ಲಿ ನಾಳೆ ಏನು ಮಾಡುತ್ತೇನೆ, ಬಲ ಪುಟದಲ್ಲಿ ನಿಜಕ್ಕೂ ಏನಾಯಿತು. ಎಡ ಪುಟದಲ್ಲಿ ‘ಗಣಿತ ಓದುತ್ತೇನೆ’ ಎಂದು ಬರೆಯುವಂತಿಲ್ಲ, ಅದು ಜಾರಿಕೊಳ್ಳುವ ಮಾತು. ‘ವರ್ಗ ಸಮೀಕರಣಗಳು, ಮೊದಲ ಅಭ್ಯಾಸದ ಐದು ಲೆಕ್ಕ, ರಾತ್ರಿ ಊಟಕ್ಕೆ ಮೊದಲು’ ಎಂದು ಬರೆಯಬೇಕು. ಮರುದಿನದ ಮಾತು ಹೀಗಿರುತ್ತದೆ:

‘ಐದೂ ಆಯ್ತಾ?’

‘ಮೂರಾಯ್ತು ಕಣೇ. ನಾಲ್ಕನೇದು ಬರ್ಲಿಲ್ಲ.’

‘ಎಲ್ಲಿ ನಿಂತೋಯ್ತು, ತೋರ್ಸು.’

‘ಇಲ್ಲಿ. ಈ ಮೈನಸ್ಸು ಎಲ್ಲಿಂದ ಬಂತು ಅಂತ್ಲೇ ಗೊತ್ತಾಗ್ಲಿಲ್ಲ.’

ಈ ನಾಲ್ಕು ಸಾಲಿನಲ್ಲಿ ಬೈಗುಳವಿಲ್ಲ, ಉಪದೇಶವೂ ಇಲ್ಲ. ಮೂರು ಲೆಕ್ಕ ಆಗಿದೆ ಎಂಬ ಸತ್ಯ ಹೊರಬಂತು, ನಾಲ್ಕನೆಯದು ಯಾವ ಹೆಜ್ಜೆಯಲ್ಲಿ ನಿಂತಿತು ಎಂಬುದೂ ಗೊತ್ತಾಯಿತು. ಒಬ್ಬಳೇ ಕೂತಿದ್ದರೆ ಆ ಪುಟವನ್ನು ಮುಚ್ಚಿ, ‘ನನಗೆ ಗಣಿತ ಬರಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಿದ್ದಳು. ನಮ್ಮ ತಾಲ್ಲೂಕುಗಳಲ್ಲಿ ಓದು ಬಿಟ್ಟವರಲ್ಲಿ ಎಷ್ಟೋ ಜನ ಸೋತದ್ದು ಇಂಥ ಒಂದು ಮೈನಸ್ ಚಿಹ್ನೆಯ ಮುಂದೆ ಎಂದು ನಾವು ನಂಬಿದ್ದೇವೆ.

ಒಂಟಿಯಾಗಿ ಓದುವುದೇ ನಿಷ್ಠೆ, ಗುಂಪಿನಲ್ಲಿ ಓದುವುದು ಹರಟೆ ಎಂಬ ಮಾತನ್ನು ಮನೆಯಲ್ಲೂ ಶಾಲೆಯಲ್ಲೂ ಕೇಳಿ ಬೆಳೆದಿದ್ದೇವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಉರಿ ಟ್ರೈಸ್‌ಮನ್ ಎಂಬ ಗಣಿತದ ಸಂಶೋಧಕ ಈ ಮಾತನ್ನು ಪರೀಕ್ಷೆಗೆ ಹಚ್ಚಿದರು. ಅಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ದೊಡ್ಡ ಸಂಖ್ಯೆಯಲ್ಲಿ ಫೇಲಾಗುತ್ತಿದ್ದರು. ಅವರಿಗೆ ಆಸಕ್ತಿಯಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ ಎಂದು ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದಾಗ ಆ ಊಹೆಗಳು ನಿಲ್ಲಲಿಲ್ಲ. ಆ ಹುಡುಗರು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ತಮ್ಮಷ್ಟಕ್ಕೆ ಲೆಕ್ಕ ಮಾಡಿದ ಮೇಲೆ ಒಟ್ಟಿಗೆ ಸೇರಿ ಉತ್ತರ ತಾಳೆ ನೋಡುತ್ತಿದ್ದರು, ಎಲ್ಲರಿಗೂ ತಪ್ಪಿದ ಲೆಕ್ಕ ಕಷ್ಟದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಂಟಿಯಾಗಿ ಓದುವವನಿಗೆ ತಾನು ದಡ್ಡನೋ ಲೆಕ್ಕ ಕಷ್ಟದ್ದೋ ಎಂದು ತಿಳಿಯುವ ದಾರಿಯೇ ಇಲ್ಲ. ಟ್ರೈಸ್‌ಮನ್ ಒಟ್ಟಿಗೆ ಲೆಕ್ಕ ಮಾಡುವ ಕಾರ್ಯಾಗಾರ ಶುರುಮಾಡಿದ ಮೇಲೆ ಅದರಲ್ಲಿ ಸೇರಿದ ಮಕ್ಕಳ ಫಲಿತಾಂಶ ಬದಲಾಯಿತು.

ಪುಸ್ತಕ ಮುಚ್ಚಿ ಪ್ರಶ್ನೆ ಕೇಳಲು ಒಬ್ಬರಿದ್ದರೆ ಆಗುವ ಲಾಭ ಇನ್ನೊಂದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದಂತೆ, ಅದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ನೋಡಿದರೆ, ಓದಿದ್ದನ್ನು ನೆನಪಿನಿಂದ ಬರೆದು ಪರೀಕ್ಷಿಸಿಕೊಂಡವರೇ ಮುಂದಿದ್ದರು. ನಮ್ಮ ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ.

ಇನ್ನು ಈ ಚಳವಳಿ ಏನಾಗಬಾರದು ಎಂಬುದನ್ನೂ ಈಗಲೇ ಹೇಳಿಬಿಡಬೇಕು. 1930ರಲ್ಲಿ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದ್ದು, ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು ಎಂಬ ಕಟ್ಟಳೆಯ ವಿರುದ್ಧ. ಮೇಲಿನವರು ಕೆಳಗಿನವರ ಲೆಕ್ಕ ಇಡುವುದು ಹೇಗಿರುತ್ತದೆ ಎಂದು ನಮ್ಮ ಮುತ್ತಾತಂದಿರಿಗೆ ಗೊತ್ತಿತ್ತು. ಆದ್ದರಿಂದ ನಮ್ಮ ನೋಟ್‌ಬುಕ್ ಇಬ್ಬರದ್ದು ಮಾತ್ರ. ಅದನ್ನು ಹೆಡ್‌ಮಾಸ್ಟರು ನೋಡುವಂತಿಲ್ಲ, ಅಪ್ಪ ಅಮ್ಮನಿಗೆ ಒಪ್ಪಿಸುವಂತಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುವಂತಿಲ್ಲ. ಯಾರ ಜೋಡಿ ಮುಂದೆ, ಯಾರದ್ದು ಹಿಂದೆ ಎಂಬ ಪಟ್ಟಿ ಎಲ್ಲೂ ಇರುವುದಿಲ್ಲ. ಒಬ್ಬ ಸದಾ ಕೇಳುವವ, ಇನ್ನೊಬ್ಬ ಸದಾ ಉತ್ತರಿಸುವವ ಆಗಿಬಿಟ್ಟರೆ ಅದು ಜೋಡಿಯಲ್ಲ, ಮೇಸ್ತ್ರಿಗಿರಿ. ಅಂಥ ಜೋಡಿಯನ್ನು ಮುರಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ದಂಡ, ಬಾಜಿ ಯಾವುದೂ ಬೇಡ. ಹೇಳಿದ್ದು ಮಾಡದವನು ಬಂಗಾರಪೇಟೆ ಪಾನಿಪುರಿ ಕೊಡಿಸಬೇಕು ಎಂಬ ಸಲಹೆ ನಮ್ಮ ಸಭೆಯಲ್ಲೂ ಬಂತು. ಆ ತಿಳಿ ನೀರಿನ ಪಾನಿಪುರಿಯ ಮೇಲೆ ನಮಗೆಲ್ಲ ಪ್ರೀತಿಯಿದೆ. ಆದರೆ ಕೈಯಲ್ಲಿ ದುಡ್ಡಿಲ್ಲದವನು ದಂಡಕ್ಕೆ ಹೆದರಿ ಸುಳ್ಳು ಹೇಳುತ್ತಾನೆ. ಸುಳ್ಳು ಬಂದ ದಿನ ನೋಟ್‌ಬುಕ್ ಸತ್ತಂತೆ.

ಹುಡುಗಿಯರ ಬಗ್ಗೆ ಹೆಚ್ಚು ಹೊತ್ತು ಮಾತಾಡಿದ್ದೇವೆ. ಅಮ್ಮ ರೈಲಿನಲ್ಲಿದ್ದರೆ ಅನ್ನಕ್ಕಿಡುವುದು, ನೀರು ಹಿಡಿಯುವುದು, ತಮ್ಮನನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬರುತ್ತದೆ. ಕತ್ತಲಾದ ಮೇಲೆ ಹೊರಗೆ ಕಳಿಸುವುದಿಲ್ಲ. ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಬೆಂಗಳೂರಿಗೆ ಹೋಗಿರುತ್ತದೆ. ಹಾಗಾಗಿ ಅವಳ ಜೊತೆಗಾತಿ ಅದೇ ಮನೆಗಳ ಸಾಲಿನಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಹತ್ತು ನಿಮಿಷ ನಲ್ಲಿಯ ಬಳಿ ಸಿಕ್ಕರೂ ಸರಿ. ಮನೆಯ ಗಂಡು ಮಕ್ಕಳಿಗೆ ನಾವು ಹೇಳುವುದು ಒಂದೇ: ಆ ಹತ್ತು ನಿಮಿಷ ಕೊಡ ನೀವು ಹಿಡಿಯಿರಿ.

ಭಾಷೆ ಅಡ್ಡಿಯಲ್ಲ, ಅದು ನಮ್ಮ ಬಂಡವಾಳ. ಆಂಡರ್ಸನ್‌ಪೇಟೆಯ ತಮಿಳು ಮನೆಯ ಹುಡುಗನಿಗೆ ಕನ್ನಡ ಪ್ರಬಂಧ ತಿದ್ದುವವರು ಬೇಕು. ಬಂಗಾರಪೇಟೆ ಹಳ್ಳಿಯ ಕನ್ನಡ ಮಾಧ್ಯಮದ ಹುಡುಗಿಗೆ ಪಿಯುಸಿಯಲ್ಲಿ ದಿಢೀರನೆ ಎದುರಾಗುವ ಇಂಗ್ಲಿಷ್ ಭೌತಶಾಸ್ತ್ರ ಬಿಡಿಸಿ ಹೇಳುವವರು ಬೇಕು. ತೆಲುಗು, ಉರ್ದು ಮನೆಗಳ ಮಕ್ಕಳೂ ಇದೇ ಬೆಂಚುಗಳಲ್ಲಿ ಕೂರುತ್ತಾರೆ. ಮಾತೃಭಾಷೆ ನೋಡಿ, ಜಾತಿ ನೋಡಿ ಜೋಡಿ ಕಟ್ಟುವುದನ್ನು ಈ ಚಳವಳಿ ಒಪ್ಪುವುದಿಲ್ಲ. ಜಾತಿಯನ್ನು ವಿರೋಧಿಸಿದ ಅಯೋತಿ ದಾಸ ಪಂಡಿತರ ಅನುಯಾಯಿಗಳಾದ ಗಣಿ ಕಾರ್ಮಿಕರು ಕಳೆದ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದ್ದರು. ಮುಂದೆ ಚಾಂಪಿಯನ್ ರೀಫ್‌ನಿಂದ ಪುಸ್ತಕಗಳೂ ಹೊರಬಂದವು. ಈ ಊರಿನಲ್ಲಿ ಓದು ದೊಡ್ಡ ಬಂಗಲೆಗಳಿಂದ ಇಳಿದು ಬಂದದ್ದಲ್ಲ.

ಫೇಲಾದವರ ಕೈ ಬಿಡುವಂತಿಲ್ಲ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರ ಫಲಿತಾಂಶಕ್ಕೂ ಎರಡನೆಯದಕ್ಕೂ ನಡುವೆ ಸಿಗುವುದು ಕೆಲವೇ ವಾರ. ಪಾಸಾದವರು ಕಾಲೇಜು ಅರ್ಜಿ ಹಿಡಿದು ಓಡಾಡುವ, ಫೇಲಾದವರು ಬಾಗಿಲು ಹಾಕಿಕೊಂಡು ಕೂರುವ ದಿನಗಳು ಅವು. ಆ ವಾರಗಳಲ್ಲಿ ಪಾಸಾದ ಜೊತೆಗಾರ ದಿನವೂ ಆ ಬಾಗಿಲು ತಟ್ಟಬೇಕು. ಬೇರೆ ದಿನಗಳಲ್ಲೂ ಮೂರು ದಿನ ಕಾಣದವನ ಮನೆಗೆ ಹೋಗಿ ನೋಡುವುದು ನಮ್ಮ ನಿಯಮ. ಕೆಲಸಕ್ಕೆ ಸೇರಿದ್ದಾನೆ ಎಂದು ಗೊತ್ತಾದರೆ, ಮದುವೆಯ ಮಾತು ನಡೆದಿದೆ ಎಂದು ಕಿವಿಗೆ ಬಿದ್ದರೆ, ಇಬ್ಬರಲ್ಲೇ ಇಟ್ಟುಕೊಳ್ಳದೆ ನಂಬಿಕೆಯ ಶಿಕ್ಷಕರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಗುಟ್ಟು ಕಾಯುವ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ.

ಆಡಳಿತದಿಂದ ಕೇಳುವುದು ಒಂದೇ. ಸಂಜೆ ಆರರಿಂದ ಎಂಟರವರೆಗೆ ದೀಪ, ಬೆಂಚು, ಕುಡಿಯುವ ನೀರು ಇರುವ ಒಂದು ಕೋಣೆ, ನಡೆದು ಹೋಗುವಷ್ಟು ದೂರದಲ್ಲಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿವೆ, ಅವುಗಳ ಬಾಗಿಲು ಸಂಜೆಯೂ ತೆರೆದಿರಲಿ. ಕೆಜಿಎಫ್‌ನಲ್ಲಿ ನಗರಸಭೆ ಶಾಲೆಗಳ ಒಂದೊಂದು ಕೋಣೆ ಬಿಡಿಸಿಕೊಡಲಿ. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದ ಊರಿದು. ಗಣಿಗಾಗಿ ಅಷ್ಟು ದೂರದಿಂದ ತಂತಿ ಎಳೆದ ನಾಡಿಗೆ ಮಕ್ಕಳಿಗಾಗಿ ಒಂದು ಬಲ್ಬು ಭಾರವಾಗಬಾರದು.

ಸೇರಲು ಅರ್ಜಿಯಿಲ್ಲ, ಶುಲ್ಕವಿಲ್ಲ, ಗುರುತಿನ ಚೀಟಿಯಿಲ್ಲ. ಕೋಣೆ ಸಿಗುವವರೆಗೂ ಕಾಯುವುದಿಲ್ಲ, ಜಗಲಿಯಲ್ಲಿ, ಸ್ಟೇಷನ್ನಿನ ಬೆಂಚಿನಲ್ಲಿ ಶುರುಮಾಡುತ್ತೇವೆ. ಈ ಹಾಳೆ ಕೈಗೆ ಬಂದವರು ಬರುವ ಸೋಮವಾರದೊಳಗೆ ತಮ್ಮ ಬೀದಿಯ ಒಬ್ಬರ ಬಳಿ ಹೋಗಿ, ‘ನನ್ನ ಜೊತೆ ಓದ್ತೀಯಾ?’ ಎಂದು ಕೇಳಬೇಕು. ಅವರು ಆಗುವುದಿಲ್ಲ ಎಂದರೆ ಮಂಗಳವಾರ ಇನ್ನೊಬ್ಬರನ್ನು ಕೇಳಬೇಕು.